ಹಡಗಿಗೆ ಹೇಳಬಾರದಿದ್ದ ಮಾತು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಗಂಡನೇ ನಂಬಿಲ್ಲ, ಇನ್ನು ನಿಮಗೆ ನಂಬಿ ಎಂದು ಹೇಳಲು ನಾನ್ಯಾರು? ಆದರೆ ಯೋಕೋಹಾಮಾ ಬಂದರಿನ ಆ ಹಳೆಯ ಹಡಗಿನಲ್ಲಿ ನಡೆದದ್ದಕ್ಕೆ ನಾನು ಒಂದಕ್ಷರವನ್ನೂ ಸೇರಿಸಿಲ್ಲ. ದೆವ್ವದ ಕಥೆ ಎಂದರೆ ನಗುತ್ತಿದ್ದವಳು ನಾನು. ಈಗ ನಗು ಬರುವುದಿಲ್ಲ.

ಈ ಚಳಿಗಾಲದ ಮಾತು. ದೊಡ್ಡ ಭೂಕಂಪವಾದಾಗಿನಿಂದ ಇಲ್ಲಿ ಕರೆಂಟು ಉಳಿಸಬೇಕೆಂದು ಊರೆಲ್ಲ ಅರ್ಧ ದೀಪ ಆರಿಸುತ್ತಾರೆ. ಆ ಹಡಗಿನಲ್ಲೂ ಅಷ್ಟೇ. ಈಗ ಅದು ಬಂದರಿನಲ್ಲಿ ಕಟ್ಟಿಹಾಕಿರುವ ಮ್ಯೂಸಿಯಂ. ನಮ್ಮ ಕಂಪನಿ ಅದಕ್ಕೆ ಆಡಿಯೋ ಗೈಡ್ ಮಾಡಿಕೊಟ್ಟಿತ್ತು. ಜನರೆಲ್ಲ ಇಳಿದ ಮೇಲೆ ಕೋಣೆ ಕೋಣೆಗೂ ಹೋಗಿ ಅದನ್ನು ಟೆಸ್ಟ್ ಮಾಡುವ ಕೆಲಸ ನನ್ನದು. ಗಂಡ ಕೆಲಸದ ಮೇಲೆ ಹಮಾಮತ್ಸು ಊರಿಗೆ ಹೋಗಿದ್ದರಿಂದ ಆರು ವರ್ಷದ ಮಗಳು ಅನಘಾಳನ್ನೂ ಕರೆದುಕೊಂಡು ಹೋಗಿದ್ದೆ.

ಮ್ಯೂಸಿಯಂ ಕಡೆಯಿಂದ ಜೊತೆಗಿದ್ದವರು ಮೊರಿತಾ-ಸಾನ್; ಸಾನ್ ಅಂದರೆ ನಮ್ಮ ‘ಅವರು’ ಇದ್ದಂತೆ. ವಯಸ್ಸು ಎಪ್ಪತ್ತು ದಾಟಿದೆ. ಹರೆಯದಲ್ಲಿ ಇದೇ ಹಡಗಿನಲ್ಲಿ ಪ್ರಯಾಣಿಕರ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದವರು. ಹಡಗಿನ ವಿಷಯ ಬಂದರೆ ಮನುಷ್ಯನ ಮುಖವೇ ಅರಳುತ್ತಿತ್ತು. ಕೆಳಗೆ ಹೊಲಿಗೆ ಯಂತ್ರ, ರೇಷ್ಮೆ ತುಂಬಿಕೊಂಡು, ಮೇಲೆ ಬ್ರೆಜಿಲ್‌ಗೆ ವಲಸೆ ಹೋಗುವ ಸಂಸಾರಗಳನ್ನು ಹತ್ತಿಸಿಕೊಂಡು ಹೊರಡುತ್ತಿತ್ತಂತೆ. ಭೂಮಧ್ಯರೇಖೆ ದಾಟಿದ ದಿನ ವೇಷ ಹಾಕಿ ಕುಣಿತ. ಊಟದ ಹೊತ್ತಿಗೆ ಇವರೇ ಜಾಗಟೆ ಬಾರಿಸುತ್ತ ಕೋಣೆಗಳ ನಡುವಿನ ಓಣಿ ಸುತ್ತುತ್ತಿದ್ದರಂತೆ.

“ಹೊರಡುವಾಗ ಮೇಲಿನವರು ಬಣ್ಣದ ಕಾಗದದ ಸುರುಳಿ ಎಸೆಯುತ್ತಿದ್ದರು” ಎಂದರು ಜಪಾನಿಯಲ್ಲಿ. “ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ದಡದವರ ಕೈಯಲ್ಲಿ. ತಾನಾಗಿ ಹರಿಯುವವರೆಗೆ ಯಾರೂ ಬಿಡುತ್ತಿರಲಿಲ್ಲ.”

ಆಮೇಲೆ ದನಿ ತಗ್ಗಿಸಿದರು.

“ಒಂದು ಮಾತು. ಇಳಿಯುವಾಗ ಸಯೋನಾರಾ ಅನ್ನಿ. ಬೇರೇನೂ ಬೇಡ.”

“ಯಾಕೆ?”

“ಬ್ರೆಜಿಲ್‌ನಲ್ಲಿ ಇಳಿದವರೆಲ್ಲ ಹಡಗನ್ನು ಮುಟ್ಟಿ, ಇದರಲ್ಲೇ ಊರಿಗೆ ವಾಪಸ್ ಬರುತ್ತೇವೆ ಅಂದರು. ಬರಲಿಲ್ಲ. ಕಾದು ಕಾದು ಇದಕ್ಕೆ ಕೋಪ ಬಂದಿದೆ.”

ಮುದುಕರಿಗೆ ಹಡಗಿನ ಮೇಲೆ ಅತಿ ಪ್ರೀತಿ ಅಂದುಕೊಂಡು ತಲೆಯಾಡಿಸಿದೆ.

ಕೆಳಗಿನ ಅಂತಸ್ತು ಮುಗಿಸುವಷ್ಟರಲ್ಲಿ ಹೊರಗೆ ಪೂರ್ತಿ ಕತ್ತಲಾಗಿತ್ತು. ಎಣ್ಣೆಯ ವಾಸನೆ, ಒದ್ದೆ ಹಗ್ಗದ ವಾಸನೆ... ಓಣಿಯ ಕೊನೆಯಲ್ಲಿ ವಲಸೆಗಾರರ ಕೋಣೆಯೊಂದಿತ್ತು. ಬಾಗಿಲಿಗೆ ಬೀಗ. ಅನಘಾ ಅದರ ಮುಂದೆ ನಿಂತು ಯಾರಿಗೋ ಟಾಟಾ ಮಾಡುತ್ತಿದ್ದಳು. ಆಟವೆಂದುಕೊಂಡು ಬ್ಯಾಗು ಹೆಗಲಿಗೇರಿಸಿದೆ.

ನಮ್ಮ ಮನೆಗಳಲ್ಲಿ ಹೊರಡುವಾಗ ‘ಹೋಗ್ತೀನಿ’ ಅನ್ನುವಂತಿಲ್ಲ. ಅಂದರೆ ಅಜ್ಜಿಯಿಂದ ಬೈಗುಳ ಗ್ಯಾರಂಟಿ. ‘ಬರ್ತೀನಿ’ ಅನ್ನಬೇಕು. ಆ ಅಭ್ಯಾಸದಲ್ಲೇ ಬಾಯಿಗೆ ಬಂತು.

“ಬರ್ತೀವಿ ಅಂತ ಹೇಳು ಪುಟ್ಟಿ, ಲೇಟಾಯ್ತು.”

ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿಯಲ್ಲಿ. ಬೀಗ ಹಾಕಿದ ಬಾಗಿಲಿಗೆ ತಲೆಬಾಗಿಸಿ “ಇತ್ತೆಕಿಮಾಸ್” ಅಂದಳು. ಹೋಗಿ ಬರುತ್ತೇನೆ ಎಂದು. ಇಲ್ಲಿ ಅದು ತಮ್ಮ ಮನೆಯಿಂದ ಹೊರಡುವವರು ಮನೆಯವರಿಗೆ ಹೇಳುವ ಮಾತು. ಪರರ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಸಯೋನಾರಾ ಹಾಗಲ್ಲ, ಅದು ಮತ್ತೆ ಬರುವ ಮಾತಿಲ್ಲದ ವಿದಾಯ; ಅದನ್ನು ಮನೆಯವರಿಗೆ ಯಾರೂ ಹೇಳುವುದಿಲ್ಲ.

ಮೊರಿತಾ-ಸಾನ್ ಮುಖದ ಬಣ್ಣ ಇಳಿದುಹೋಯಿತು.

ಬಾಗಿಲ ಒಳಗಿನಿಂದ ಹೆಂಗಸೊಬ್ಬಳ ದನಿ, ತೀರಾ ಹತ್ತಿರದಿಂದ... “ಇತ್ತೆರಾಶ್ಶಾಯ್.”

ಹೋಗಿ ಬಾ. ಮನೆಯವರು ಕೊಡುವ ಉತ್ತರ.

“ಅನಘಾ, ಬಾ ಇಲ್ಲಿ” ಅಂದೆ. ಅವಳು ಕದಲಲಿಲ್ಲ. ಎಡ ಮುಂಗೈಗೆ ಕೆಂಪು ಕಾಗದದ ಪಟ್ಟಿ ಸುತ್ತಿಕೊಂಡಿತ್ತು. ಅದರ ಇನ್ನೊಂದು ತುದಿ ಬಾಗಿಲ ಸಂದಿಯೊಳಗೆ ಹೋಗಿತ್ತು. ನಾನು ನೋಡುತ್ತಿದ್ದಂತೆಯೇ ಅದು ಬಿಗಿಯಾಯಿತು.

“ಸಯೋನಾರಾ ಹೇಳಿಸಿ, ಬೇಗ” ಎಂದರು ಮೊರಿತಾ-ಸಾನ್. ಬಾಗಿಲಿಗೆ ಸೊಂಟ ಬಗ್ಗಿಸಿ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಲೇ ಇದ್ದರು.

“ಹೇಳು ಕಂದಾ, ಸಯೋನಾರಾ ಅನ್ನು.”

“ಇಲ್ಲ ಅಮ್ಮಾ. ಆಂಟಿ ಬೇಗ ಬಾ ಅಂದ್ರು” ಅಂದಳು ಜಪಾನಿಯಲ್ಲೇ.

ಎಲ್ಲೋ ಮೇಲೆ ಜಾಗಟೆ ಮೊಳಗಿತು. ಉಳಿದಿದ್ದ ದೀಪವೂ ಆರಿತು. ಅನಘಾ ಬಾಗಿಲಿನ ಕಡೆಗೆ ಜಾರತೊಡಗಿದಳು, ಶೂಗಳು ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ಅವಳ ಸೊಂಟ ಹಿಡಿದು ಎಳೆದೆ. ಇನ್ನೊಂದು ಕೈಯಿಂದ ಪಟ್ಟಿಯನ್ನು ಹರಿಯಲು ನೋಡಿದೆ. ಕಾಗದ, ಬರೀ ಕಾಗದ, ಆದರೂ ಹರಿಯಲಿಲ್ಲ. ಆ ಕಡೆಯ ಎಳೆತದಲ್ಲಿ ಸಿಟ್ಟಿತ್ತು. ನನಗೆ ಅದು ಕೈಯಲ್ಲೇ ಗೊತ್ತಾಯಿತು.

ನನಗೂ ಸಿಟ್ಟು ನೆತ್ತಿಗೇರಿತು. ಹುಟ್ಟಿದಾಗಿನಿಂದ ಆಡದ ಮಾತನ್ನು ಬಾಗಿಲಿಗೆ ಮುಖ ಕೊಟ್ಟು ಆಡಿದೆ.

“ನಾವು ಹೋಗ್ತೀವಿ. ಇನ್ನು ಬರಲ್ಲ. ಕೇಳಿಸ್ತಾ? ಬರಲ್ಲ.”

ಪಟ್ಟಿ ಹರಿಯಿತು. ಮಗುವನ್ನು ಅವಚಿಕೊಂಡು ಮೆಟ್ಟಿಲು ಹತ್ತಿ ಓಡಿದೆ, ಬ್ಯಾಗು ಅಲ್ಲೇ ಬಿತ್ತು. ದಡದಲ್ಲಿ ನಿಂತು ಏದುಸಿರು ಬಿಡುವಾಗ ಮೊರಿತಾ-ಸಾನ್ ನನ್ನ ಕಣ್ಣು ತಪ್ಪಿಸಿ ಹೇಳಿದರು: “ನೀವು ಹೇಳಿದಿರಿ. ಮಗು ಹೇಳಲಿಲ್ಲ.”

ಫುನಾಬೊರಿಯ ನಮ್ಮ ಮನೆಗೆ ಬಂದ ಮೇಲೆ ಕೆಲವು ದಿನ ಎಲ್ಲ ಸರಿಯಾಗಿಯೇ ಇತ್ತು. ಮುಂಗೈಯ ಕೆಂಪು ಬಣ್ಣ ಮಾತ್ರ ಸೋಪಿಗೂ ಹೋಗಲಿಲ್ಲ. “ಕಲರ್ ಪೇಪರ್ ತಾನೇ, ಹೋಗುತ್ತೆ ಬಿಡು” ಅಂದರು ನನ್ನ ಗಂಡ. ಕಂಪನಿಗೆ ಹೇಳಿ ಆ ಪ್ರಾಜೆಕ್ಟ್ ಬಿಟ್ಟೆ.

ದಿನಾ ಸ್ಕೂಲಿಗೆ ಹೊರಡುವಾಗ ಅನಘಾ ಬಾಗಿಲಲ್ಲಿ ನಿಂತು “ಇತ್ತೆಕಿಮಾಸ್” ಅನ್ನುತ್ತಾಳೆ, ನಾನು “ಹೋಗಿ ಬಾ ಪುಟ್ಟಿ” ಅನ್ನುತ್ತೇನೆ. ಮಾತು ಕಲಿತಾಗಿನಿಂದ ಒಂದು ದಿನವೂ ತಪ್ಪಿಸಿದವಳಲ್ಲ.

ನಿನ್ನೆ ಬೆಳಿಗ್ಗೆ ಶೂ ಹಾಕಿಕೊಂಡು ನನ್ನ ಕಡೆ ತಿರುಗಿದಳು. ಪರಿಚಯವಿಲ್ಲದ ದೊಡ್ಡವರಿಗೆ ಮಾಡುವಂತೆ ತಲೆಬಾಗಿಸಿ, ತುಂಬ ಮರ್ಯಾದೆಯಿಂದ “ಸಯೋನಾರಾ” ಅಂದಳು.

ಹೊಸ್ತಿಲ ಹತ್ತಿರ ಒದ್ದೆ ಹಗ್ಗದ ವಾಸನೆ ಇತ್ತು. ನಿನ್ನೆ ಅವಳನ್ನು ಸ್ಕೂಲಿಗೆ ಕಳಿಸಲಿಲ್ಲ. ಇವತ್ತೂ ಕಳಿಸಿಲ್ಲ. ಶೂ ಬಿಚ್ಚು ಎಂದರೆ ಬಿಚ್ಚುತ್ತಿಲ್ಲ, ಬಾಗಿಲ ಹತ್ತಿರವೇ ಕೂತಿದ್ದಾಳೆ.