ಏಳೆಲೆಯ ಚಿಗುರು

ಟೀವಿಯಲ್ಲಿ ಬರುವ ತೋಟದ ಕಾರ್ಯಕ್ರಮ ಹೊಸಬರಿಗಷ್ಟೇ ಲಾಯಕ್ಕೋ, ಪಳಗಿದವರಿಗೂ ಉಪಯೋಗವೋ ಎಂದು ನಮ್ಮ ಬೀದಿಯಲ್ಲಿ ಯಾರಾದರೂ ವಾದಕ್ಕೆ ನಿಂತರೆ, ನಾನು ಹೊಲಿಗೆ ಯಂತ್ರದಿಂದ ಕಾಲು ತೆಗೆದು ಎದುರು ಸಾಲಿನ ಒಂದು ಗೇಟು ತೋರಿಸುತ್ತೇನೆ. ಅದು ನನ್ನ ಅಕ್ಕನ ಮನೆ. ಆ ಕಾರ್ಯಕ್ರಮ ಅಲ್ಲಿ ಒಬ್ಬರನ್ನು ಎತ್ತಿ ನಿಲ್ಲಿಸಿತು, ಇನ್ನೊಬ್ಬರನ್ನು ಮಣ್ಣು ಮುಕ್ಕಿಸಿತು. ನನಗೇನೂ ಬೇಜಾರಿಲ್ಲ.

ಮಣ್ಣು ಮುಕ್ಕಿದವರು ನಮ್ಮ ಭಾವ. ಸರ್ವೆ ಇಲಾಖೆಯಲ್ಲಿ ಊರವರ ಜಮೀನನ್ನೆಲ್ಲ ಅಳೆದು ನಿವೃತ್ತರಾದವರು. ಬೀದಿಯವರು ಗುಲಾಬಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು, ಯಾಕೆಂದರೆ ಕೇಳಿದವರಿಗೂ ಕೇಳದವರಿಗೂ ಗುಲಾಬಿಯ ಪಾಠ ತಪ್ಪುತ್ತಿರಲಿಲ್ಲ. ಗೇಟಿನ ಕಮಾನಿನ ಮೇಲೆ ಅವರದೊಂದು ಹಳದಿ ಗುಲಾಬಿ ಹಬ್ಬಿತ್ತು. ಕಾಡು ಗುಲಾಬಿಯ ಬೇರಿಗೆ ಒಳ್ಳೆಯ ಜಾತಿಯ ಕಣ್ಣು ಕೂರಿಸಿ ಅವರೇ ಕಸಿ ಕಟ್ಟಿದ್ದು. ಬುಡದಲ್ಲಿ ಕಸಿಯ ಗಂಟು ಮುಷ್ಟಿ ಗಾತ್ರ ದಪ್ಪಗಾಗಿತ್ತು. ಆ ಗಂಟಿನ ಮೇಲಿನದು ಗುಲಾಬಿ, ಕೆಳಗಿನಿಂದ ಏನೇ ಚಿಗುರಿದರೂ ಅದು ಕಾಡಿನದು, ಬರೀ ಮುಳ್ಳು ಎಂದು ಭಾವ ಹೇಳದ ದಿನವಿಲ್ಲ. ಗುರುತು ಹಿಡಿಯುವುದನ್ನೂ ಕಲಿಸುತ್ತಿದ್ದರು. ಒಂದು ತೊಟ್ಟಿಗೆ ಐದು ಎಲೆ ಇದ್ದರೆ ನೀರು ಹಾಕಿ, ಏಳು ಎಲೆ ಇದ್ದರೆ ಕಿತ್ತು ಬಿಸಾಕಿ. ಬೇರೆ ಕಡೆಯ ಗುಲಾಬಿಗೆ ಈ ಲೆಕ್ಕ ಸರಿಯೋ ಇಲ್ಲವೋ, ಅವರ ಗಿಡದ ಮಟ್ಟಿಗೆ ಸರಿಯಿತ್ತು.

ಇಷ್ಟು ತಿಳಿದ ಮನುಷ್ಯ ಹೆಂಡತಿಗೆ ಅಂಗಳದಲ್ಲಿ ಅಂಗೈಯಗಲ ನೆಲ ಬಿಟ್ಟುಕೊಡಲಿಲ್ಲ. ಮದುವೆಯಾದ ಹೊಸತರಲ್ಲಿ ಅಕ್ಕ ಒಂದು ಕಡ್ಡಿ ನೆಟ್ಟಿದ್ದಳು, ಅದು ಒಣಗಿತು. ಕಡ್ಡಿ ಒಣಗುವುದು ದೊಡ್ಡ ವಿಷಯವೇ? ಆದರೆ ಭಾವ ಅಂದು ಹೇಳಿದ ಮಾತು ಆ ಮನೆಯ ಕಾನೂನಾಯಿತು: "ನಿನ್ನ ಕೈಗುಣ ಒಳ್ಳೇದಲ್ಲ. ಗಿಡ ಮುಟ್ಟಬೇಡ." ನೆಂಟರ ಮುಂದೆ ಹೇಳಿದರು, ಮಕ್ಕಳ ಮುಂದೆ ಹೇಳಿದರು, ತರಕಾರಿಯವಳ ಮುಂದೂ ಹೇಳಿದರು. ಅಕ್ಕನಿಗೆ ಬಂಗಾರ ಬೇಡವಾಗಿತ್ತು, ಸೀರೆ ಬೇಡವಾಗಿತ್ತು. ಗೇಟಿನ ಪಕ್ಕ ಬಿಸಿಲು ಬೀಳುವ ಒಂದು ತುಂಡು ನೆಲ ಬೇಕಾಗಿತ್ತು, ಟೊಮೆಟೊ ನೆಡುವುದಕ್ಕೆ. ಮನೆಯಲ್ಲಿ ಬಿಸಿಲು ಬೀಳುವ ನೆಲ ಅದೊಂದೇ, ಅದು ಗುಲಾಬಿಯ ಪಾಲು. ಕೇಳಿದಾಗಲೆಲ್ಲ ಭಾವ ನಗುತ್ತಿದ್ದರು, ಮಗು ಬೈಕ್ ಓಡಿಸುತ್ತೇನೆ ಅಂದಾಗ ನಗುವಂತೆ. ನಾನಾಗಿದ್ದರೆ ಆ ಗಿಡದ ಬುಡಕ್ಕೆ ಕುದಿಯುವ ನೀರು ಸುರಿದು ಬರುತ್ತಿದ್ದೆ.

ಭಾನುವಾರ ಬೆಳಿಗ್ಗೆ ತೋಟದ ಕಾರ್ಯಕ್ರಮ ಬರುತ್ತಿತ್ತು. ಭಾವ ಅದನ್ನು ನೋಡುತ್ತಿದ್ದುದು ಹೀಯಾಳಿಸುವುದಕ್ಕೆ. ನಡೆಸಿಕೊಡುವ ಹುಡುಗಿಯ ಉಗುರಿಗೆ ಮಣ್ಣೇ ಅಂಟಿಲ್ಲ, ಇದೆಲ್ಲ ಬಾಲವಾಡಿ ಪಾಠ ಎಂದು ಅರ್ಧಕ್ಕೇ ಟೀವಿ ಆರಿಸಿಬಿಡುತ್ತಿದ್ದರು. ಉಳಿದರ್ಧಕ್ಕೆ ಅಕ್ಕ ಚಪ್ಪಲಿ ಮೆಟ್ಟಿ ರಸ್ತೆ ದಾಟಿ ನಮ್ಮ ಮನೆಗೆ ಓಡಿ ಬರುತ್ತಿದ್ದಳು. ತುಂಡು ಬಟ್ಟೆಗಳ ರಾಶಿಯ ನಡುವೆ ಕುಕ್ಕರುಗಾಲಲ್ಲಿ ಕೂತು ಬಾಯಿ ತೆರೆದು ನೋಡುತ್ತಿದ್ದಳು. ಹೋಗಿ ತಾರಸಿಯ ಮೇಲೆ ಹಳೇ ಪೇಂಟ್ ಡಬ್ಬಗಳಲ್ಲಿ ಮಾಡಿ ನೋಡುತ್ತಿದ್ದಳು. ಭಾವನಿಗೆ ಮಂಡಿನೋವು, ತಾರಸಿ ಹತ್ತುತ್ತಿರಲಿಲ್ಲ. ದೇವರು ಕೆಲವರಿಗೆ ಮಂಡಿನೋವು ಕೊಡುವುದು ಇಂಥದಕ್ಕೇ.

ಟೊಮೆಟೊ ಹೂ ಉದುರುತ್ತಿದೆ ಎಂದು ಅಕ್ಕ ಒಂದು ದಿನ ಆ ಕಾರ್ಯಕ್ರಮಕ್ಕೆ ನನ್ನ ಫೋನಿನಿಂದಲೇ ಕರೆ ಮಾಡಿದಳು. ಹುಡುಗಿಗೆ ಅಕ್ಕನ ಮಾತು ಹಿಡಿಸಿತು. ಪೇಂಟ್ ಡಬ್ಬ, ಮೊದಲ ಸಲ ಗಿಡ ಮಾಡುವ ಹೆಂಗಸು, ಇಂಥವರೇ ನಮಗೆ ಬೇಕು, ಬಂದು ಚಿತ್ರೀಕರಣ ಮಾಡುತ್ತೇವೆ ಎಂದಳು. ಅಕ್ಕ ಗಂಡನಿಗೆ ಟೀವಿಯವರು ಬರುತ್ತಾರೆ ಎಂದಷ್ಟೇ ಹೇಳಿದಳು. ಭಾವ ಪೂರ್ತಿ ಕೇಳಲಿಲ್ಲ. ತನ್ನ ಗುಲಾಬಿಯ ಕೀರ್ತಿ ಕೊನೆಗೂ ಅಲ್ಲಿಗೆ ಮುಟ್ಟಿತು ಎಂದುಕೊಂಡು ಕ್ಷೌರದಂಗಡಿಗೆ ಹೋಗಿ ಬಂದರು. ಬೀದಿಗೆಲ್ಲ ಸುದ್ದಿ ಮುಟ್ಟಿಸಿದರು. ಬಾಲವಾಡಿ ಪಾಠ ಎಂದ ಬಾಯಿ ಅದೇ.

ಬಂದವರು ಗುಲಾಬಿಯ ಕೆಳಗೇ ಹಾದು, ತಲೆ ಕೂಡ ಎತ್ತದೆ, ಸೀದಾ ತಾರಸಿಗೆ ಹೋದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಭಾವ ಗೇಟಿನ ಹತ್ತಿರವೇ ನಿಂತಿದ್ದರು, ಮಧ್ಯಾಹ್ನದವರೆಗೂ. ಮೇಲಿನಿಂದ ಅಕ್ಕನ ನಗು ಕೇಳುತ್ತಿತ್ತು. ಆ ನಗು ನಾನು ಅವಳ ಮದುವೆಗೆ ಮುಂಚೆ ಕೇಳಿದ್ದು.

ಇಳಿದು ಬಂದ ಮೇಲೆ ನಿರ್ದೇಶಕ ಎಂಬ ಗಡ್ಡದವನು ಸುತ್ತಮುತ್ತ ನೋಡಿದ. ಕಾರ್ಯಕ್ರಮದ ಕೊನೆಗೆ ಒಂದು ತುಣುಕು ಬೇಕಾಗಿತ್ತಂತೆ, ಗಿಡವನ್ನು ಹೇಗೆ ಕತ್ತರಿಸಬಾರದು ಎಂದು ತೋರಿಸುವುದಕ್ಕೆ. ದಪ್ಪ ಬುಡದ ಗಿಡವಾದರೆ ಚೆನ್ನಾಗಿ ಕಾಣುತ್ತದಂತೆ. ಗರಗಸ ಹಿಡಿಯುವವರು ಯಾರಾದರೂ ಇದ್ದಾರಾ ಎಂದ. ಭಾವ ಒಂದು ಹೆಜ್ಜೆ ಮುಂದೆ ಬಂದರು.

"ನನ್ನ ಮುಖ ಬರುತ್ತಾ?" ಎಂದು ಕೇಳಿದರು.

"ಬರದೆ ಇರುತ್ತಾ ಸಾರ್," ಎಂದ ಗಡ್ಡದವನು, ವೈರು ಸುತ್ತಿಕೊಳ್ಳುತ್ತ.

ಮೊದಲು ಭಾವ ಗುಲಾಬಿಯ ಒಂದು ಒಣಕೊಂಬೆ ಕುಯ್ದರು. ಅದು ಕ್ಯಾಮೆರಾಕ್ಕೆ ಸಾಲದು, ಇನ್ನೂ ಕೆಳಗೆ ಎಂದ ಗಡ್ಡದವನು. ಭಾವ ಸೊಂಟದ ಎತ್ತರಕ್ಕೆ ಗರಗಸ ಇಟ್ಟರು. ಇನ್ನೂ ಕೆಳಗೆ ಸಾರ್, ನೆಲಕ್ಕೆ ಹತ್ತಿರ. ಭಾವ ಮಂಡಿಯೂರಿದರು. ಗರಗಸ ಗಂಟಿನ ಕೆಳಗೆ ಬಂದು ಕೂತಿತು. ಅಕ್ಕ ಮುಂದೆ ಬಂದು, ರೀ, ಗಂಟು ಮೇಲಿದೆ ನೋಡಿ ಎಂದಳು. ಅವಳು ಅಷ್ಟು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

"ನಿನಗೇನು ಗೊತ್ತಾಗುತ್ತೆ, ಸುಮ್ನಿರು," ಎಂದರು ಭಾವ, ಕ್ಯಾಮೆರಾದ ಕಡೆ ತಿರುಗಿ ನಗುತ್ತ.

ಅಕ್ಕ ಹಿಂದೆ ಸರಿದಳು. ಗರಗಸ ಓಡಿತು. ಕಮಾನಿನ ಮೇಲಿನ ಹಸಿರೆಲ್ಲ ಒಮ್ಮೆ ನಡುಗಿ ಅಲ್ಲೇ ನೇತಾಡಿತು. ನಾನು ಜೀವಮಾನವಿಡೀ ಕತ್ತರಿ ಹಿಡಿದವಳು. ಅಡ್ಡಾದಿಡ್ಡಿ ಕತ್ತರಿಸಿದ ಬಟ್ಟೆಯಲ್ಲಿ ಕರವಸ್ತ್ರವಾದರೂ ಆಗುತ್ತದೆ. ಇದರಲ್ಲಿ ಏನೂ ಆಗುವಂತಿರಲಿಲ್ಲ. ಭಾವನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕುಯ್ದರು. ಟೀವಿಯಲ್ಲಿ ಮುಖ ಬರುತ್ತದಲ್ಲ!

ಪ್ರಸಾರದ ದಿನ ಭಾವ ಬೀದಿಯನ್ನೆಲ್ಲ ಮನೆಗೆ ಕರೆದಿದ್ದರು. ಕುರ್ಚಿ ಸಾಲದೆ ನಮ್ಮ ಮನೆಯ ಸ್ಟೂಲೂ ಹೋಯಿತು. ಟೀವಿಯಲ್ಲಿ ಅಕ್ಕ ಬಂದಳು, ಬಂದಳು, ಬರುತ್ತಲೇ ಇದ್ದಳು. ಹೂ ಉದುರದಂತೆ ಏನು ಮಾಡಿದೆ ಎಂದು ಅವಳು ಹೇಳುತ್ತಿದ್ದರೆ ಹುಡುಗಿ ತಲೆದೂಗುತ್ತಿದ್ದಳು. ಕೊನೆಗೆ ತೆರೆಯ ತುಂಬ ಎರಡು ಕೈ ಬಂದವು. ಮುಖವಿಲ್ಲ. ಕೈಯಲ್ಲಿ ಗರಗಸ, ಮಣಿಕಟ್ಟಿನಲ್ಲಿ ನಿವೃತ್ತಿಯ ದಿನ ಇಲಾಖೆಯವರು ಕೊಟ್ಟ ಕೈಗಡಿಯಾರ. ಆ ಕೈಗಳ ಮೇಲೆ ಒಂದು ದೊಡ್ಡ ಕೆಂಪು ಗುಣಿಸು ಗುರುತು ಬಿತ್ತು. ಗಿಡದ ಗಂಧಗಾಳಿ ಇಲ್ಲದವರು ಮಾಡುವ ತಪ್ಪು ಇದು, ನೀವು ಮಾಡಬೇಡಿ ಎಂದಿತು ಹುಡುಗಿಯ ದನಿ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಾರೋ ಏನು, ನಾನೇ. ಆಮೇಲೆ ಇಡೀ ಕೋಣೆ ನಕ್ಕಿತು. ಭಾವ ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು ಕೂತರು.

ಮರುದಿನದಿಂದ ಬೀದಿಯವರು ಗಿಡದ ಪ್ರಶ್ನೆ ಹಿಡಿದುಕೊಂಡು ಬಂದರೆ ಭಾವನನ್ನು ದಾಟಿ ಅಕ್ಕನ ಹತ್ತಿರ ಹೋಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಟೀವಿಯಲ್ಲಿ ಬಂದ ಮೇಲೆ ಮದ್ದಾಯಿತು. ಕಮಾನಿನ ಮೇಲಿನ ಗುಲಾಬಿ ಒಣಗಿ ಪುಡಿಪುಡಿಯಾಗಿ ಉದುರಿತು. ಭಾವ ದಿನವೂ ಬುಡದ ಮುಂದೆ ಕೂರುತ್ತಿದ್ದರು. ಸ್ವಲ್ಪ ದಿನಕ್ಕೆ ಬುಡ ಚಿಗುರಿತು. ಗಿಡ ಸತ್ತಿಲ್ಲ, ಸತ್ತಿಲ್ಲ ಎಂದು ರಸ್ತೆಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸಿದರು. ನಾನೂ ಹೋಗಿ ಬಗ್ಗಿ ನೋಡಿದೆ. ಒಂದೊಂದು ತೊಟ್ಟಿಗೂ ಐದೇ ಎಲೆ. ಗಂಟೇ ಇಲ್ಲದ ಬುಡದಲ್ಲಿ ಐದೆಲೆ ಹೇಗೆ ಬಂತು ಎಂದು ನನಗೂ ತಲೆ ಕೆಟ್ಟಿತು.

ಅದನ್ನು ಬಿಡಿಸಿದವಳು ಅಕ್ಕ. ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ಕೂತಳು. ಬುಡದ ಸುತ್ತ ಎಳೆಯ ಎಲೆಗಳು ಬಿದ್ದಿದ್ದವು, ಹಸಿ ಹಸಿ, ತೊಟ್ಟಿನ ಹತ್ತಿರ ಉಗುರು ತಾಗಿದ ಗುರುತು. ಎಲ್ಲರೂ ಏಳುವ ಮುಂಚೆ ಭಾವ ಎದ್ದು, ಬಿಚ್ಚಿಕೊಂಡ ಹೊಸ ಎಲೆಗಳಲ್ಲಿ ತೊಟ್ಟಿಗೆ ಎರಡರಂತೆ ಚಿವುಟಿ ಏಳನ್ನು ಐದು ಮಾಡುತ್ತಿದ್ದರು. ಅಕ್ಕ ಅವನ್ನು ಅಂಗೈಯಲ್ಲಿ ಆರಿಸಿಕೊಂಡು, ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದ ಗಂಡನ ಮುಂದೆ ಹಿಡಿದಳು. ನಾನು ನಮ್ಮ ಸ್ಟೂಲು ವಾಪಸು ತರಲು ಹೋದವಳು ಅಲ್ಲೇ ನಿಂತೆ.

"ರೀ, ಇದು ಕಾಡಿಂದು. ಕಿತ್ತು ಬಿಸಾಕ್ತೀನಿ. ಆ ಜಾಗ ನನಗೆ ಬೇಕು," ಎಂದಳು.

ಭಾವ ಅಂಗೈಯಲ್ಲಿದ್ದ ಎಲೆಗಳನ್ನು ನೋಡಿದರು. ಹೆಂಡತಿಯ ಮುಖ ನೋಡಲಿಲ್ಲ. ಅಕ್ಕ ಗುದ್ದಲಿ ತಂದು, ಸುತ್ತ ಅಗೆದು, ಇಡೀ ಬುಡವನ್ನು ಬೇರುಸಮೇತ ಎತ್ತಿ ಗೇಟಿನಾಚೆ ಇಟ್ಟಳು. ಕಸದ ಗಾಡಿ ಬಂದು ಒಯ್ದಿತು. ಮಧ್ಯಾಹ್ನ ತಾರಸಿಯಿಂದ ಟೊಮೆಟೊ ಸಸಿ ಇಳಿಸಿ ಅದೇ ಗುಂಡಿಯಲ್ಲಿ ನೆಟ್ಟಳು. ಮಣ್ಣು ಒತ್ತುವಾಗ ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಸುಳ್ಳೇಕೆ ಹೇಳಲಿ.

ಆಗ ಭಾವ ಒಳಗಿನಿಂದ ಒಂದು ಚೊಂಬು ನೀರು ತಂದರು. ಗುಂಡಿಯ ಹತ್ತಿರ ಬಂದು, ಹೊಸ ಸಸಿ, ನಾನು ಹಾಕಲಾ ಎಂದು ಕೇಳಿದರು. ಆ ಮನುಷ್ಯ ಕೇಳಿ ಕೆಲಸ ಮಾಡಿದ್ದನ್ನು ನಾನು ಅವತ್ತೇ ಕಂಡದ್ದು. ಒಂದು ಗಳಿಗೆ, ಹಾಕಲಿ ಬಿಡೇ ಅಕ್ಕ ಎಂದು ನನಗೇ ಅನಿಸಿತು.

ಅಕ್ಕ ತಲೆ ಎತ್ತಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಬೇಡ, ಮುಟ್ಟಬೇಡಿ," ಎಂದಳು. "ನಿಮ್ಮ ಕೈಗುಣ ಒಳ್ಳೇದಲ್ಲ."

ಭಾವ ಚೊಂಬನ್ನು ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋದರು. ಅಕ್ಕ ಆ ನೀರನ್ನು ನಲ್ಲಿಯ ಹತ್ತಿರ ಚೆಲ್ಲಿ, ಬೇರೆ ನೀರು ಹಿಡಿದು ತಂದು ಸಸಿಗೆ ಹಾಕಿದಳು.