ಕೋಟೆಯ ಮೇಲೆ ಮುಡಿದ ಮಲ್ಲಿಗೆ

ಇವತ್ತು ಬಸ್ಸಿನಿಂದ ಇಳಿದು ಅಂಗೈ ಮೂಸಿದೆ. ಕಂಬಿಯ ತುಕ್ಕಿನ ವಾಸನೆ. ಮಧುಗಿರಿ ಬೆಟ್ಟ ಹತ್ತಿದ ದಿನವೂ ಕೈ ಹೀಗೇ ನಾರುತ್ತಿತ್ತು... ಅಂದು ಪಕ್ಕದ ಮನೆಯ ಅಕ್ಕ ಜೊತೆಗಿದ್ದಳು.

ನಾನು ಶಿರಾದ ಬಯಲಲ್ಲಿ ಬೆಳೆದವಳು, ಮದುವೆಯಾಗಿ ಮಧುಗಿರಿಗೆ ಬಂದ ಹೊಸತು. ಏಣಿ ಹತ್ತಿದರೂ ಎದೆ ಢವಗುಟ್ಟುತ್ತಿತ್ತು. ಅಕ್ಕ ನನಗಿಂತ ಸ್ವಲ್ಪ ದೊಡ್ಡವಳು, ಆಗಲೇ ಗಂಡನನ್ನು ಕಳೆದುಕೊಂಡಿದ್ದಳು. ಕೋಟೆ ನೋಡದವಳು ಈ ಊರಿನ ಸೊಸೆಯೇ ಅಲ್ಲ ಎಂದು ರೇಗಿಸಿ ಹೊರಡಿಸಿದಳು.

ಗೋಡೆ, ಬಾಗಿಲು ದಾಟುವವರೆಗೆ ಸರಿಯಿತ್ತು. ಆಮೇಲೆ ಬರೀ ಬಂಡೆ. ಕಾಲ್ಬೆರಳು ಊರುವಷ್ಟೇ ಕೊರೆದ ಮೆಟ್ಟಿಲು, ಪಕ್ಕದಲ್ಲೊಂದು ಕಬ್ಬಿಣದ ಕಂಬಿ. ಗಾಳಿ ಸೆರಗು ಎಳೆಯುತ್ತಿತ್ತು. ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದು ಹತ್ತಿದೆ. ಅಕ್ಕ ಮಾತ್ರ ಕಂಬಿ ಮುಟ್ಟದೆ, ಹಿತ್ತಲಿಗೆ ಹೋಗುವವಳ ಹಾಗೆ ಹತ್ತಿದಳು. ನನ್ನ ಅಂಜಿಕೆ ಕಂಡು ನಕ್ಕಳು ಕೂಡ.

ಮೇಲೆ ಪಾಳುಗುಡಿಯ ಜಗುಲಿಯಲ್ಲಿ ಕೂತೆವು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕ ನನ್ನ ಜಡೆಯ ಮಲ್ಲಿಗೆಯನ್ನೇ ನೋಡುತ್ತಿದ್ದಳು.

"ಒಂದೀಟು ಹೂವ ಕೊಡ್ತೀಯೇನಮ್ಮ? ಇಲ್ಲಿ ಯಾರ್ ನೋಡ್ತಾರೆ..."

ಗಂಡನಿಲ್ಲದವಳು ಹೂ ಮುಡಿಯುವುದು ನಮ್ಮ ಬೀದಿಯಲ್ಲಿ ಕೇಳರಿಯದ ಮಾತು. ಆದರೂ ಮಲ್ಲಿಗೆಯಲ್ಲಿ ಅರ್ಧ ಹರಿದು ಅವಳ ತುರುಬಿಗೆ ಮುಡಿಸಿದೆ. ಮುಟ್ಟಿ ಮುಟ್ಟಿ ನೋಡಿಕೊಂಡಳು. ಇಳಿಯುವಾಗಲೂ ತೆಗೆಯಲು ಮನಸ್ಸು ಬರಲಿಲ್ಲ. ಕೆಳಗಿನ ಬಾಗಿಲ ತನಕ ಇರಲಿ ಎಂದಳು.

ಕಡಿದಾದ ಬಂಡೆಯ ನಡುವೆ ಇದ್ದಾಗ ಕೆಳಗಿನಿಂದ ಹೆಂಗಸರ ಮಾತು ಕೇಳಿತು.

"ನಮ್ ಬೀದಿಯೋರು ಕಣಮ್ಮ. ಕಂಡ್ಬುಟ್ರೆ..."

ಅಕ್ಕ ಬಿಳಿಚಿಕೊಂಡು ಪಿಸುಗುಟ್ಟಿದಳು. ಎರಡೂ ಕೈ ತುರುಬಿಗೆ ಹಾಕಿದಳು, ಕಾಲು ಜಾರಿತು. ಹೇಗೆ ಹಿಡಿದೆನೋ ನನಗೇ ತಿಳಿಯದು. ನನ್ನ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅವಳ ರಟ್ಟೆ. ಅವಳು ಆಗಲೂ ಹೂ ಕೀಳುತ್ತಲೇ ಇದ್ದಳು.

ಬಂದವರು ಕೊರಟಗೆರೆ ಕಡೆಯವರು, ನಮ್ಮ ಗುರುತೇ ಇಲ್ಲದವರು. ಇನ್ನೆಷ್ಟು ದೂರ ಎಂದು ಕೇಳಿ ಮೇಲೆ ಹೋದರು. ಅಕ್ಕ ಅಲ್ಲಿಂದ ಕೂತುಕೊಂಡೇ ಇಳಿದಳು. ಬಂಡೆಗೆ ಹೆದರದವಳು ಜನಕ್ಕೆ ಇಷ್ಟು ಹೆದರುವುದೇ ಎಂದು ನನಗೆ ಸಿಟ್ಟು ಬಂದಿತ್ತು.

ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವಳಿಲ್ಲದ ನೋವು ಈಗೀಗ ಹೆಚ್ಚಾಗಿದೆ. ನಮ್ಮ ಯಜಮಾನರು ಹೋದದ್ದು ಹೋದ ವರ್ಷ. ಇವತ್ತು ಬಸ್ಸಿಳಿದು ಮನೆಗೆ ಬಂದರೆ ಗೇಟಿನ ಬಳಿ ಹೂವಿನವಳು ಬುಟ್ಟಿ ಇಳಿಸಿದ್ದಳು. ಹೊಸಬಳು, ನನ್ನ ವಿಷಯ ತಿಳಿಯದವಳು. ಒಂದು ಮೊಳ ಅಳೆದು ಕೈಗಿಟ್ಟಳು. ಅಕ್ಕ ನೆನಪಾಗಿ, ಮುಡಿಯೋಣವೆಂದು ಕೈ ಎತ್ತಿದೆ. ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ಹೂವನ್ನು ಸೆರಗಿನೊಳಗೆ ತುರುಕಿದೆ. ನಿಂತಿದ್ದು ಸಮನೆಲದ ಮೇಲೆ. ಆದರೂ ಬೀಳದಂತೆ ಗೇಟು ಹಿಡಿದುಕೊಂಡೆ.