ಮಳೆಯಲ್ಲೂ ಉರಿದ ಬಿಸಿಲಿನ ದೀಪ

ಇಸ್ಮಾಯಿಲ್ ಸಾಬ್ರೇ, ಆ ಬ್ಯಾಟರಿಯನ್ನು ಚಾರ್ಜ್ ಮಾಡಿದ್ದು ನಾನು. ನಮ್ಮೂರ ಶಾಲೆಯ ದೀಪ ಆಷಾಢದ ಮಳೆಯಲ್ಲಿ ಎಂಟು ದಿನ ಉರಿದದ್ದು ಬಿಸಿಲಿನಿಂದಲ್ಲ — ನಮ್ಮ ಎಸ್ಟೇಟಿನ ಜನರೇಟರಿನಿಂದ. ಮೋಸಗಾರ ಅನ್ನಿಸಿಕೊಂಡವರು ಮಾತ್ರ ನೀವು. ಇಷ್ಟನ್ನು ಹೇಳಲು ನನಗೆ ಮುದುಕನಾಗಬೇಕಾಯಿತು.

ಎಂಬತ್ತರ ದಶಕದ ಕೊನೆ. ನಾನು ಜಾವಳಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ನೀವು ಬಣಕಲ್ಲಿನಲ್ಲಿ ಜೀಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಇಂಜಿನ್ನು ರಿಪೇರಿ ಮಾಡುತ್ತಿದ್ದವರು. ಘಟ್ಟದ ಕೆಳಗೆ ಅಣು ವಿದ್ಯುತ್ ಸ್ಥಾವರ ಬರುತ್ತದೆಂಬ ಸುದ್ದಿ ಹಬ್ಬಿ, ಬೇಡ ಎನ್ನುವವರ ಸಣ್ಣ ಗುಂಪೊಂದನ್ನು ನಾವೂ ಕಟ್ಟಿಕೊಂಡಿದ್ದೆವು. ಮನವಿಗೆ ಸಹಿ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಅದು ಬೇಡ ಅಂದ್ರೆ ಕರೆಂಟು ಎಲ್ಲಿಂದ ಮಾರಾಯ್ರೇ?" ನಾನು ಬಾಯಲ್ಲಿ ಉತ್ತರ ಹೇಳುತ್ತಿದ್ದೆ. ನೀವು ಬೆಂಗಳೂರಿನಿಂದ ಸೋಲಾರ್ ಪ್ಯಾನೆಲ್ ತರಿಸಿ, ಶಾಲೆಯ ಹೆಂಚಿನ ಮೇಲೆ ಹತ್ತಿ ಕೂರಿಸಿ, ಕೆಳಗೆ ಜೀಪಿನ ಬ್ಯಾಟರಿಗೆ ತಂತಿ ಎಳೆದಿರಿ. ಲೈನು ಬಾರದ ಆ ಊರಿನಲ್ಲಿ ಬೇಸಿಗೆಯಿಡೀ ಸಂಜೆ ದೀಪ ಉರಿಯಿತು, ಜನ ತಾವಾಗಿ ಬಂದು ಸಹಿ ಹಾಕಿದರು.

ಮಳೆ ಹಿಡಿದ ಮೇಲೆ ದೀಪ ಮಂಕಾಯಿತು. ನಾನು ನಿಮ್ಮ ಗ್ಯಾರೇಜಿಗೆ ಓಡಿ ಬಂದೆ. ನಿಮಗೆ ಮಾತ್ರ ಏನೂ ಅನ್ನಿಸಲಿಲ್ಲ.

"ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡಿ ರೈಟ್ರೇ. ಬಿಸಿಲಿದ್ದಾಗ ಬಿಸಿಲು. ಮಳೆಗಾಲದಲ್ಲಿ ಹಳ್ಳ ತುಂಬಿರ್ತದಲ್ಲ, ಅಲ್ಲೊಂದು ನೀರಿಂದ ಕರೆಂಟು ಮಾಡೋ ಚಕ್ರ ಕೂರಿಸ್ತೀನಿ. ಎರಡು ತಿಂಗಳು ಕೊಡಿ."

ಎರಡು ತಿಂಗಳು! ಶಾಲೆಯಲ್ಲೇ ನಾವು ಕರೆದಿದ್ದ ದೊಡ್ಡ ಸಭೆಗೆ ಉಳಿದಿದ್ದು ಒಂದು ವಾರ. ದೀಪ ಆರಿದ್ದು ಕಂಡರೆ ಜನ ನಗುತ್ತಾರೆ, ಮಾಡಿದ್ದೆಲ್ಲ ನೀರುಪಾಲು — ಹಾಗೆಂದುಕೊಂಡೆ. ಜನರೇಟರ್ ಶೆಡ್ಡಿನ ಬೀಗದ ಕೈ ನನ್ನ ಬಳಿಯೇ ಇತ್ತು. ಜೀಪಿನ ಎರಡು ಬ್ಯಾಟರಿ ಇಟ್ಟುಕೊಂಡು, ಒಂದು ಚಾರ್ಜಾಗುವಾಗ ಇನ್ನೊಂದನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ಮೇಷ್ಟ್ರು ಬರುವ ಮೊದಲೇ ಶಾಲೆಗೆ ಹೊತ್ತು ಬದಲಿಸುತ್ತಿದ್ದೆ. ಒಳ್ಳೆಯ ಕೆಲಸಕ್ಕೆ ತಾನೇ ಎಂಬ ಹುರುಪೂ ಇತ್ತು, ನಾಚಿಕೆಗೇಡು. ನೀವು ಬಣಕಲ್ಲಿನಲ್ಲಿದ್ದಿರಿ. ನಿಮಗೆ ಗೊತ್ತಾಗಲಿಲ್ಲ.

ಸಭೆಯ ದಿನ ಸ್ಥಾವರದ ಪರವಾಗಿ ಮಾತಾಡಲು ಇಂಜಿನಿಯರೊಬ್ಬರು ಬಂದರು. ಅಣುವಿನವರು ಜನರಿಂದ ನಿಜ ಮುಚ್ಚಿಡುತ್ತಾರೆ ಎಂದು ನಾನು ಆಗಷ್ಟೇ ಭಾಷಣ ಮುಗಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಇಂಜಿನಿಯರು ಎದ್ದು, ನೇರ ಹೋಗಿ ಪ್ಯಾನೆಲ್ಲಿನ ತಂತಿಗೆ ಮೀಟರ್ ಇಟ್ಟರು, ಬ್ಯಾಟರಿಗೂ ಇಟ್ಟರು.

"ಮೇಲಿಂದ ಏನೂ ಬರ್ತಾ ಇಲ್ಲ. ಬ್ಯಾಟರಿ ತುಂಬಿದೆ. ಚಾರ್ಜ್ ಮಾಡಿದ್ದು ಯಾರು?"

ಎಲ್ಲರೂ ನಿಮ್ಮತ್ತ ತಿರುಗಿದರು. ಬ್ಯಾಟರಿ, ಗ್ಯಾರೇಜು, ಬಣಕಲ್ಲಿನ ಕರೆಂಟು — ಇನ್ಯಾರಿರಲು ಸಾಧ್ಯ? ನೀವು "ನಾನಲ್ಲ" ಅಂದಿರಿ, ಒಂದೇ ಸಲ. ನಾನು ಸಹಿಯ ಹಾಳೆಗಳನ್ನು ಜೋಡಿಸುತ್ತಾ ಕೂತೆ.

ಆಮೇಲೆ ಜನ ತಮ್ಮ ಸಹಿ ಹೊಡೆದುಹಾಕಿಸಲು ಬಂದರು. ಎಸ್ಟೇಟುಗಳು ನಿಮ್ಮನ್ನು ಬಿಟ್ಟು ಇಂಜಿನ್ನುಗಳನ್ನು ರಿಪೇರಿಗೆ ಮೂಡಿಗೆರೆಗೆ ಕಳಿಸತೊಡಗಿದವು. ನಿಮ್ಮ ಜಾತಿ ಹಿಡಿದು ಆಡಿದವರಿದ್ದರು. ಅದನ್ನು ಕೇಳಿಸಿಕೊಂಡೂ ನಾನು ಕಾಫಿ ಕುಡಿದು ಎದ್ದು ಬಂದಿದ್ದೇನೆ. ಹಳ್ಳದಲ್ಲಿ ಚಕ್ರ ಕೂರಲೇ ಇಲ್ಲ. ಕೂರಿಸಬೇಕಾದವರ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಪ್ಯಾನೆಲ್ ಇಳಿಸಲು ಬಂದ ದಿನ ನೀವು ಸ್ಪ್ಯಾನರ್ ಒರೆಸುತ್ತಾ ಮೆಲ್ಲಗೆ ಹೇಳಿದಿರಿ: "ನಂಗೆ ಗೊತ್ತು ರೈಟ್ರೇ. ನನ್ನ ಹೆಸರು ಹೋದದ್ದು ಹಾಗಿರ್ಲಿ. ಜನಕ್ಕೆ ನಿಜ ಹೇಳಿದ್ರೆ ಅರ್ಥ ಆಗೂದಿಲ್ಲ ಅಂದ್ಕೊಂಡ್ರಲ್ಲ, ಅದು ಬೇಜಾರು."

ನಾನು ಪ್ಯಾನೆಲ್ಲಿನ ಒಂದು ತುದಿ ಹಿಡಿದು ಜೀಪಿಗೆ ಏರಿಸಿದೆ.

ಬರುವ ಭಾನುವಾರ ಅದೇ ಶಾಲೆಯಲ್ಲಿ, ಅಂದಿನವರಲ್ಲಿ ಉಳಿದಿರುವವರನ್ನು ಕೂರಿಸಿಕೊಂಡು ಈ ಕಾಗದವನ್ನು ಓದುತ್ತೇನೆ. ನೀವು ಬರಬೇಡಿ ಸಾಬ್ರೇ. ನೀವು ಬಂದರೆ ಜನ ನಿಮ್ಮ ಮುಖ ನೋಡುತ್ತಾರೆ. ಈ ಸಲ ಅವರು ನನ್ನ ಮುಖವನ್ನೇ ನೋಡಬೇಕು.